ಸಿದ್ಧ ಬಿಡಿಭಾಗಗಳ ಪರದೆ

ನಿಮ್ಮಲ್ಲಿ ಕೆಲವರು ಪುಣೆ, ಹೈದರಾಬಾದಿನ ಕಂಪನಿಗಳಲ್ಲಿ ಕಚೇರಿ ತಂತ್ರಾಂಶದ ಪರದೆ ಕಟ್ಟುವವರು. ಉಳಿದವರು ದಿನವಿಡೀ ಅದರ ಮುಂದೆ ಕೂರುವವರು. ಪಟ್ಟಿ, ಗುಂಡಿ, ಕ್ಯಾಲೆಂಡರ್ ಇವನ್ನೆಲ್ಲ ಪ್ರತಿ ಸಲ ಹೊಸದಾಗಿ ಬರೆಯುವುದಿಲ್ಲ. ಕಾಂಪೊನೆಂಟ್ ಫ್ರೇಮ್‌ವರ್ಕ್‌ನಿಂದ ಸಿದ್ಧವಾಗಿ ತಂದು ಜೋಡಿಸುತ್ತಾರೆ. 2004ರ ಜಾವಾಸರ್ವರ್ ಫೇಸಸ್ ಹಿಡಿದದ್ದು ಇದೇ ದಾರಿ. 2013ರ ರಿಯಾಕ್ಟ್ ಕೂಡ ಬಿಡಿಭಾಗಗಳ ಮೇಲೇ ನಿಂತಿದೆ.

ಅನುಕೂಲವೇನೋ ದೊಡ್ಡದು. ಆದರೆ ಇದು ಬಾಡಿಗೆ ಮನೆ. ಗೋಡೆಗೆ ಮೊಳೆ ಹೊಡೆಯುವ ಮುನ್ನ ಯೋಚಿಸಬೇಕು. ಫ್ರೇಮ್‌ವರ್ಕ್‌ನ ಒಳಗನ್ನೇ ತಿದ್ದಿದರೆ ಮುಂದಿನ ಆವೃತ್ತಿ ಬಂದಾಗ ಜೋಡಣೆ ಕಳಚುತ್ತದೆ. ಅದಕ್ಕೆ ಆಯುಸ್ಸೂ ಇದೆ: 2010ರಲ್ಲಿ ಬಂದ ಗೂಗಲ್‌ನ ಆಂಗ್ಯುಲರ್‌ಜೆಎಸ್‌ಗೆ 2021ರ ಕೊನೆಗೆ ಬೆಂಬಲ ನಿಂತಿತು. ಅದನ್ನೇ ನಂಬಿದ ಎಷ್ಟೋ ಪರದೆಗಳನ್ನು ಮತ್ತೆ ಬರೆಯಬೇಕಾಯಿತು. ಆದ್ದರಿಂದ ನಡುವೆ ನಿಮ್ಮದೇ ಒಂದು ತೆಳು ಪದರ ಇರಲಿ. ಫ್ರೇಮ್‌ವರ್ಕ್ ಬದಲಾದರೆ ಬಹುಮಟ್ಟಿಗೆ ಆ ಪದರವನ್ನು ತಿದ್ದಿದರಾಯಿತು.

ಕನ್ನಡದವರಿಗೆ ಇನ್ನೊಂದು ಮಾತು. ಪೆಟ್ಟಿಗೆಗಳ ಎತ್ತರವನ್ನು ಹೆಚ್ಚಾಗಿ ಇಂಗ್ಲಿಷ್ ಅಕ್ಷರ ನೋಡಿಯೇ ಇಟ್ಟಿರುತ್ತಾರೆ. ನಮ್ಮ ಒತ್ತಕ್ಷರವೋ ಸಾಲಿನ ಕೆಳಗಿಳಿಯುತ್ತದೆ. ಒತ್ತು ಕತ್ತರಿಸಿಹೋದರೆ ವಿಶ್ವನಾಥ ವಿಶನಾಥನಾಗುತ್ತಾನೆ! ಪರೀಕ್ಷೆಗೆ ಲಕ್ಷ್ಮಿ, ಕೃಷ್ಣಪ್ಪ ಎಂದು ಟೈಪ್ ಮಾಡಿ ನೋಡಿ. ಲಕ್ಷ್ಮಿಯ ಒತ್ತುಗಳು ಪೂರ್ತಿ ಕಂಡರೆ ಎತ್ತರ ಸಾಕು.