ಕರುಣೆ ಅಂದರೆ ಕೈಕಟ್ಟಿ ನಿಲ್ಲೋದಲ್ಲ

(ಹಾಸ್ಟೆಲ್ ವಿದ್ಯಾರ್ಥಿಗಳ ಅಧ್ಯಯನ ಶಿಬಿರದಲ್ಲಿ ಆಡಿದ ಮಾತುಗಳು)



ಯೇಸುವಿನ ಇನ್ನೊಂದು ಕೆನ್ನೆಯ ಮಾತು ಎತ್ತಿದ ಕೂಡಲೇ ನಮಗೆ ಸಿಟ್ಟು ಬರುತ್ತೆ. ಬರಬೇಕಾದ್ದೇ. ನಮ್ಮ ಅಪ್ಪ, ಅಜ್ಜ ಜಮೀನ್ದಾರರ ಮುಂದೆ ಎರಡೂ ಕೆನ್ನೆ ಕೊಟ್ಟು ನಿಂತವರು. ಅದನ್ನು ಯಾರೂ ಕರುಣೆ ಅನ್ನಲಿಲ್ಲ, ವಿಧೇಯತೆ ಅಂದರು. ಹಾಗಾದರೆ ದ್ವೇಷಕ್ಕೆ ಕರುಣೆಯಿಂದ ಉತ್ತರ ಕೊಡೋದು ಅಂದರೇನು? ಅಮೆರಿಕಾದ ಕಪ್ಪು ಜನ ಅದನ್ನು ಬೀದಿಯಲ್ಲಿ ನಡೆದು ತೋರಿಸಿದರು.

ಅಲಬಾಮಾ ರಾಜ್ಯದ ಮಾಂಟ್‌ಗೊಮರಿ ಊರು. ಬಸ್ಸಿನಲ್ಲಿ ಮುಂದಿನ ಸೀಟು ಬಿಳಿಯರಿಗೆ, ಹಿಂದಿನದು ಕಪ್ಪು ಜನಕ್ಕೆ. ನಮ್ಮ ಹೋಟೆಲುಗಳ ಬೇರೆ ಲೋಟದ ಹಾಗೆ. 1955ರ ಮಾರ್ಚಿನಲ್ಲಿ ಕ್ಲಾಡೆಟ್ ಕಾಲ್ವಿನ್ ಎಂಬ 15 ವರ್ಷದ ಶಾಲಾ ಹುಡುಗಿ ಸೀಟು ಬಿಟ್ಟು ಏಳಲಿಲ್ಲ; ಪೊಲೀಸರು ಎಳೆದೊಯ್ದರು. ಡಿಸೆಂಬರ್ 1ರಂದು ಹೊಲಿಗೆ ಕೆಲಸದ ರೋಸಾ ಪಾರ್ಕ್ಸ್ ಏಳಲಿಲ್ಲ, ಆಕೆಯನ್ನೂ ಬಂಧಿಸಿದರು. 5ನೇ ತಾರೀಖಿನಿಂದ ಕಪ್ಪು ಜನ ಬಸ್ಸು ಹತ್ತೋದನ್ನೇ ಬಿಟ್ಟರು. ಮನೆಗೆಲಸದ ಹೆಂಗಸರು ಮೈಲಿಗಟ್ಟಲೆ ನಡೆದರು. ಚರ್ಚುಗಳಲ್ಲಿ ಸಭೆ ಸೇರಿ, ಹಾಡಿ, ಚಂದಾ ಎತ್ತಿ, ಕಾರುಗಳನ್ನು ಹೊಂದಿಸಿದರು.

1956ರ ಜನವರಿ 30ರ ರಾತ್ರಿ. ಮುಂದಾಳು ಮಾರ್ಟಿನ್ ಲೂಥರ್ ಕಿಂಗ್, 27 ವರ್ಷದ ಪಾದ್ರಿ, ಸಭೆಯಲ್ಲಿದ್ದರು. ಅವರ ಮನೆಗೆ ಬಾಂಬು ಬಿತ್ತು. ಒಳಗೆ ಹೆಂಡತಿ ಕೊರೆಟಾ, ಮೂರು ತಿಂಗಳೂ ತುಂಬದ ಕೂಸು. ಹೇಗೋ ಬದುಕಿಕೊಂಡರು. ಸುದ್ದಿ ಕೇಳಿ ಜನ ಕೆಂಡವಾಗಿ ಬಂದು ಸೇರಿದರು. ಹಲವರ ಕೈಯಲ್ಲಿ ಆಯುಧವಿತ್ತು. ಬಾಂಬು ಬಿದ್ದ ಜಗುಲಿಯ ಮೇಲೆ ನಿಂತು ಕಿಂಗ್, ಆಯುಧ ಮನೆಗೆ ಒಯ್ಯಿರಿ, ಶತ್ರುವನ್ನೂ ಪ್ರೀತಿಸಬೇಕು ಅಂತ ತಿಳಿಹೇಳಿದರು. ಜನ ಚದುರಿದರು.

ಇಷ್ಟಕ್ಕೇ ಕತೆ ನಿಲ್ಲಿಸಿ ನಮಗೆ ಬುದ್ಧಿ ಹೇಳೋರು ಬಹಳ. ಮುಂದಿನದನ್ನೂ ಕೇಳಿ. ಎರಡೇ ದಿನಕ್ಕೆ, ಫೆಬ್ರವರಿ 1ರಂದು, ಬಸ್ಸಿನ ಆ ಕಾನೂನಿನ ಮೇಲೆ ಫೆಡರಲ್ ಕೋರ್ಟಿನಲ್ಲಿ ದಾವೆ ಬಿತ್ತು. ದಾವೆ ಹೂಡಿದ ಹೆಂಗಸರಲ್ಲಿ ಆ ಶಾಲಾ ಹುಡುಗಿಯೂ ಇದ್ದಳು. ಬಹಿಷ್ಕಾರ ನಿಲ್ಲಲಿಲ್ಲ. ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಅವರ ಪರ ನಿಂತಿತು. 381 ದಿನ ಹೀಗೆ ಕಳೆದ ಮೇಲೆ, ಡಿಸೆಂಬರ್ 21ರಂದು, ಅವರು ಬಸ್ಸು ಹತ್ತಿ ಬೇಕಾದ ಸೀಟಿನಲ್ಲಿ ಕೂತರು. ದ್ವೇಷ ಬಿಟ್ಟರು, ಪಟ್ಟು ಬಿಡಲಿಲ್ಲ.

ಇದೇ ಕಿಂಗ್ 1959ರಲ್ಲಿ ಕೇರಳಕ್ಕೆ ಬಂದಾಗ, ನಮ್ಮ ಮಕ್ಕಳ ಶಾಲೆಯೊಂದರಲ್ಲಿ ಅವರನ್ನು ಅಮೆರಿಕಾದ ಅಸ್ಪೃಶ್ಯ ಎಂದು ಪರಿಚಯಿಸಿದರಂತೆ. ಮೊದಲು ಕಸಿವಿಸಿಯಾದರೂ, ಯೋಚಿಸಿ ನೋಡಿದಾಗ ಅದು ನಿಜ ಅನಿಸಿತು ಅಂತ 1965ರಲ್ಲಿ ಅವರೇ ಹೇಳಿಕೊಂಡಿದ್ದಾರೆ.

ಅವರ ದಾರಿ ನಮಗೂ ಹೊಸದಲ್ಲ. 1927ರ ಮಾರ್ಚಿನಲ್ಲಿ ಮಹಾಡ್‌ನ ಕೆರೆಯ ನೀರು ಕುಡಿದದ್ದಕ್ಕೆ ನಮ್ಮವರನ್ನು ಬಡಿದರು. ತಿರುಗಿ ಹೊಡೆಯಲು ಹೊರಟವರನ್ನು ಬಾಬಾಸಾಹೇಬರು ತಡೆದರು. ತಡೆದು ಸುಮ್ಮನಾದರೇ? ಡಿಸೆಂಬರಿನಲ್ಲಿ ಮತ್ತೆ ಅಲ್ಲಿಗೇ ಹೋದರು, ಮನುಸ್ಮೃತಿ ಸುಟ್ಟರು. ಕೋರ್ಟಿನಲ್ಲಿ ವರ್ಷಗಟ್ಟಲೆ ಹೋರಾಡಿ 1937ರಲ್ಲಿ ಆ ನೀರಿನ ಹಕ್ಕು ಗೆದ್ದರು.

ಈಗ ನಮ್ಮ ಮಾತು. 2000ದ ಮಾರ್ಚಿನಲ್ಲಿ ಕಂಬಾಲಪಲ್ಲಿಯಲ್ಲಿ ನಮ್ಮ ಏಳು ಜನರನ್ನು ಜೀವಂತ ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. ಕ್ಷಮಿಸಿ ಅನ್ನೋರನ್ನ ನಾವು ಕೇಳ್ತೀವಿ: ಯಾರನ್ನ ಸ್ವಾಮಿ? ತಪ್ಪು ಮಾಡಿದವರೇ ಇಲ್ಲ ಅಂದ ಮೇಲೆ ಕ್ಷಮೆ ಕೊಡೋದು ಯಾರಿಗೆ? ಕ್ಷಮೆ ಪೆಟ್ಟು ತಿಂದವರ ಸ್ವತ್ತು. ಹೊಡೆದವರು ಬಂದು ಅದನ್ನು ವಸೂಲಿ ಮಾಡೋ ಹಾಗಿಲ್ಲ.

ನಾಳೆ ಕ್ಲಾಸಿನಲ್ಲಿ ಯಾರಾದರೂ ನಿಮ್ಮ ಜಾತಿ ಎತ್ತಿ ಹಂಗಿಸಿದರೆ ಒಬ್ಬರೇ ಕಲ್ಲು ಎತ್ತಬೇಡಿ. ಒಬ್ಬರೇ ನುಂಗಿಕೊಳ್ಳಲೂ ಬೇಡಿ. ರಾತ್ರಿ ರೂಮಿನಲ್ಲಿ ಎಲ್ಲರೂ ಕೂತು ಮಾತಾಡಿ. 1989ರ ದೌರ್ಜನ್ಯ ತಡೆ ಕಾಯಿದೆ ಓದಿ. ಅರ್ಜಿ ಬರೆದು ಒಟ್ಟಿಗೆ ಹೋಗಿ, ಉತ್ತರ ಸಿಗೋವರೆಗೂ ಹೋಗ್ತಾ ಇರಿ. ದ್ವೇಷ ನಮ್ಮ ಓದನ್ನೂ ನಿದ್ದೆಯನ್ನೂ ತಿನ್ನಬಾರದು. ಹಂಗಿಸಿದವನು ನಮ್ಮ ಜೊತೆ ಸಮನಾಗಿ ಕೂರೋದು ಕಲಿಯೋವರೆಗೆ ಅವನನ್ನು ನಾವು ಬಿಡೋದಿಲ್ಲ. ನಮ್ಮ ಕರುಣೆ ಅಂದರೆ ಅದೇ.

ಜೈಭೀಮ್.