ಒಂದೇ ಕೈ, ಎರಡು ಮತ

ವಿಜಯಪುರದ ಅಂಚಿನ ಭೂತನಾಳ ಕೆರೆಯ ಒಡ್ಡಿನ ಮೇಲೆ ಸಂಜೆ ಅಡ್ಡಾಡುವುದು ನನ್ನ ನಿವೃತ್ತ ಜೀವನದ ರೂಢಿ. 2024ರ ಲೋಕಸಭಾ ಚುನಾವಣೆಯ ಫಲಿತಾಂಶ ಬಂದ ಮರುದಿನ ಅಲ್ಲಿ ನಾನೊಂದು ಪಾಠ ಕಲಿತೆ.

ನಮ್ಮ ಲೋಕಸಭಾ ಕ್ಷೇತ್ರದಲ್ಲಿ ಎಂಟು ವಿಧಾನಸಭಾ ಕ್ಷೇತ್ರಗಳಿವೆ. 2023ರಲ್ಲಿ ಅವುಗಳಲ್ಲಿ ಆರು ಕಾಂಗ್ರೆಸ್ಸಿಗೆ ಒಲಿದವು. ಬಿಜೆಪಿಗೆ ದಕ್ಕಿದ್ದು ವಿಜಯಪುರ ನಗರವೊಂದೇ. ಮರುವರ್ಷ ಅದೇ ಎಂಟು ಕ್ಷೇತ್ರಗಳು ಕೂಡಿ ಬಿಜೆಪಿಯ ರಮೇಶ ಜಿಗಜಿಣಗಿಯವರನ್ನು ದಿಲ್ಲಿಗೆ ಕಳಿಸಿದವು. 1999ರಿಂದ ಲೋಕಸಭೆಗೆ ಇಲ್ಲಿ ಅದೇ ಪಕ್ಷದ ಗೆಲುವು. 2008ರಿಂದ ಬಬಲೇಶ್ವರದಲ್ಲಿ ಕಾಂಗ್ರೆಸ್ಸಿನ ಎಂ. ಬಿ. ಪಾಟೀಲರ ಗೆಲುವು.

"ಇದೆಂಥ ಚಂಚಲತೆ!" ಎಂದು ನಾನು ಉದ್ಗರಿಸಿದಾಗ ಜೊತೆಗಿದ್ದ ವೃದ್ಧ ರೈತರೊಬ್ಬರು ನಕ್ಕರು: "ಹೊಲಕ್ಕ ನೀರ ತರಾಂವ ಬ್ಯಾರೆ, ದೇಶಾ ನಡಸಾಂವ ಬ್ಯಾರೆ. ಎರಡಕ್ಕೂ ಒಬ್ಬನ್ನ ಯಾಕ ಹಚ್ಚಬೇಕ್ರಿ, ಸರ?"

ನಾನು ನಿರುತ್ತರನಾದೆ. ಈ ವಿವೇಚನೆ ಹೊಸದೇನೂ ಅಲ್ಲ. 1984ರ ಡಿಸೆಂಬರಿನಲ್ಲಿ 28 ಲೋಕಸಭಾ ಸ್ಥಾನಗಳಲ್ಲಿ 24ನ್ನು ಕಾಂಗ್ರೆಸ್ಸಿಗೆ ಕೊಟ್ಟ ಕರ್ನಾಟಕ, 1985ರ ಮಾರ್ಚಿನಲ್ಲಿ ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷಕ್ಕೆ ವಿಧಾನಸಭೆಯ 224ರಲ್ಲಿ 139 ಸ್ಥಾನಗಳನ್ನಿತ್ತಿತು. ಇದು ನಮ್ಮ ನಾಡಿಗಷ್ಟೇ ಸೀಮಿತವಲ್ಲ. ಅಮೆರಿಕದ ಸಂಪ್ರದಾಯನಿಷ್ಠ ಕ್ಯಾನ್ಸಸ್ ರಾಜ್ಯ 1968ರಿಂದ ಅಧ್ಯಕ್ಷ ಪದವಿಗೆ ರಿಪಬ್ಲಿಕನ್ ಪಕ್ಷದವರನ್ನೇ ಬೆಂಬಲಿಸುತ್ತ ಬಂದಿದ್ದರೂ, 2018 ಮತ್ತು 2022ರಲ್ಲಿ ಡೆಮಾಕ್ರಟಿಕ್ ಪಕ್ಷದ ಲಾರಾ ಕೆಲಿಯವರನ್ನು ಗವರ್ನರರನ್ನಾಗಿ ಆರಿಸಿತು.

ಜಾತಿಯ, ಹಣದ ಪ್ರಭಾವವಿಲ್ಲವೆಂದು ನಾನು ಹೇಳಲಾರೆ. ಆದರೆ ಮತದಾರನನ್ನು ಹಳಿಯುವ ಮುನ್ನ, ಎರಡು ಸಲವೂ ಅವನಿಗೆ ಕೇಳಿದ್ದು ಒಂದೇ ಪ್ರಶ್ನೆಯೇ ಎಂದು ವಿಚಾರಿಸಬೇಕು. ಜೀವಮಾನವೆಲ್ಲ ಪ್ರಶ್ನೆಪತ್ರಿಕೆ ತೆಗೆದ ನನಗೇ ಅದು ಹೊಳೆದಿರಲಿಲ್ಲ.