ಕೋಸಿಗೆ ಸಾಸಿವೆ ಕಾವಲು

ಹುದಿಕೇರಿಯಿಂದ ಮಾತಾಡ್ತಿದ್ದೀನಿ. ಪೊನ್ನಂಪೇಟೆ ದಾಟಿ ಶ್ರೀಮಂಗಲ, ಕುಟ್ಟದ ಕಡೆ ಹೋಗುವಾಗ ಸಿಗುವ ಊರು. ಕೊಡಗು ಅಂದ ತಕ್ಷಣ ಕಾಫಿ ಅಂದುಕೊಂಡಿರ್ತೀರಿ. ಇವತ್ತಿನ ಮಾತು ಕಾಫಿಯದಲ್ಲ, ಪುತ್ತರಿ ಕಳೆದು ಭತ್ತ ಕೊಯ್ದ ಮೇಲೆ ನೀರಿರುವ ಗದ್ದೆಯಲ್ಲಿ ಹಾಕುವ ತರಕಾರಿಯದು. ಅದರಲ್ಲೂ ಎಲೆಕೋಸು, ಮತ್ತು ಅದರ ಹುಳ.

ಕೋಸಿನ ಎಲೆ ತಿರುಗಿಸಿ ನೋಡಿ. ಅಡಿಯಿಂದ ಕೆರೆದು ತಿಂದು, ಮೇಲಿನ ತೆಳು ಪೊರೆ ಮಾತ್ರ ಗಾಜಿನ ಕಿಟಕಿಯ ಹಾಗೆ ಉಳಿದಿದ್ದರೆ ಅದು ವಜ್ರಬೆನ್ನಿನ ಪತಂಗದ ಮರಿಯ ಕೆಲಸ. ಮುಟ್ಟಿದ್ರೆ ವಿಲವಿಲ ಒದ್ದಾಡಿ, ನೂಲು ಬಿಟ್ಟು ಕೆಳಗೆ ಜೋತಾಡುತ್ತೆ. ಬೇಸಿಗೆಯಲ್ಲಿ ಎರಡು ಮೂರು ವಾರಕ್ಕೆ ಒಂದು ತಲೆಮಾರು. ಹಾಗಾಗಿ ಔಷಧಿಗೆ ಒಗ್ಗಿಕೊಳ್ಳೋದೂ ಬೇಗ. ಡಿಡಿಟಿ ಇದಕ್ಕೆ ನಾಟುತ್ತಿಲ್ಲ ಅಂತ ಇಂಡೋನೇಷ್ಯಾದ ಜಾವಾದಿಂದ ವರದಿ ಬಂದದ್ದು 1953ರಲ್ಲೇ! ಔಷಧಿ ನಾಟದಿದ್ದರೆ ವಾರಕ್ಕೊಂದಿದ್ದ ಸ್ಪ್ರೇ ಎರಡಾಗುತ್ತೆ. ಅದು ಬೆನ್ನಿಗೆ ಕ್ಯಾನ್ ಕಟ್ಟಿಕೊಂಡವರ ಮೈಗೆ, ಗದ್ದೆ ಕೆಳಗಿನ ತೋಡಿಗೆ, ಆಮೇಲೆ ನಿಮ್ಮ ತಟ್ಟೆಗೆ. ಗೋಬಿ ಮಂಚೂರಿ ಹೆಸರಲ್ಲಿ ಕೋಸು ತಿನ್ನಿಸುವ ಗಾಡಿಗಳಿದಾವಲ್ಲ, ಅಲ್ಲಿಗೂ.

ಇದಕ್ಕೊಂದು ಉಪಾಯ ಹುಡುಕಿದ್ದು ನಮ್ಮ ರಾಜ್ಯದಲ್ಲೇ, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ. ಕೆ. ಶ್ರೀನಿವಾಸನ್ ಮತ್ತು ಪಿ.ಎನ್. ಕೃಷ್ಣಮೂರ್ತಿ 1991ರಲ್ಲಿ ಪ್ರಕಟಿಸಿದರು. ಈ ಪತಂಗಕ್ಕೆ ಕೋಸಿಗಿಂತ ಸಾಸಿವೆ ಇಷ್ಟ. ಅದಕ್ಕೇ 25 ಸಾಲು ಕೋಸಿಗೆ ಎರಡು ಸಾಲು ಸಾಸಿವೆ. ಒಂದನ್ನು ಕೋಸು ನಾಟಿಗೆ 15 ದಿನ ಮೊದಲು ಬಿತ್ತಬೇಕು, ಇನ್ನೊಂದನ್ನು ನಾಟಿಯಾಗಿ 25 ದಿನಕ್ಕೆ. ಎರಡು ಸಲ ಯಾಕೆ? ಮೊದಲ ಸಾಸಿವೆ ಬಲಿತು ಒಣಗುವ ಹೊತ್ತಿಗೆ ಹುಳಕ್ಕೆ ಇನ್ನೊಂದು ಎಳೆ ಸಾಸಿವೆ ಸಿದ್ಧವಿರಬೇಕು, ಇಲ್ಲದಿದ್ದರೆ ಅದು ಕೋಸಿಗೇ ಬರುತ್ತೆ.

ಇಲ್ಲೇ ಹೆಚ್ಚಿನವರು ಎಡವೋದು. ಸಾಸಿವೆ ಬಿತ್ತಿ ಮರೆತುಬಿಟ್ಟರೆ ಅದು ಬಲೆಯಾಗಲ್ಲ, ಹುಳ ಸಾಕುವ ಕೊಟ್ಟಿಗೆಯಾಗುತ್ತೆ. ಅಲ್ಲಿ ಸೇರಿದ ಹುಳವನ್ನು ಅಲ್ಲೇ ಮುಗಿಸಬೇಕು. ಆದರೆ ಔಷಧಿ ಬೀಳೋದು ಇಡೀ ಗದ್ದೆಗಲ್ಲ, ಆ ಎರಡು ಸಾಲಿಗೆ. ಅಷ್ಟೂ ಲಾಭ ಅದರಲ್ಲೇ ಇದೆ. ಹಳೆಯ ಕೈಪಿಡಿಗಳಲ್ಲಿ ಸಾಸಿವೆಗೆ ಡೈಕ್ಲೋರೋವಾಸ್ ಅಂತ ಬರೆದಿರುತ್ತೆ. 2020ರ ಕೊನೆಯಿಂದ ಅದು ದೇಶದಲ್ಲೇ ನಿಷೇಧ. ಬದಲಿಗೆ ಏನು ಅಂತ ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ. ಕೋಸಿಗೆ ಮಾತ್ರ ಬೇವಿನ ಬೀಜದ ಕಷಾಯ ಸಾಕು: ಲೀಟರ್ ನೀರಿಗೆ 40 ಗ್ರಾಂ ಪುಡಿ, ರಾತ್ರಿ ನೆನೆಸಿ, ಸೋಸಿ.

ಟೊಮೆಟೊಗೂ ಇಂಥದ್ದೇ ಒಂದಿದೆ. 16 ಸಾಲಿಗೆ ಒಂದು ಸಾಲು ಎತ್ತರದ ಚೆಂಡು ಹೂ. 25 ದಿನದ ಟೊಮೆಟೊ ಸಸಿ ಜೊತೆಗೆ 40 ದಿನದ ಚೆಂಡು ಹೂವಿನ ಸಸಿ ನೆಟ್ಟರೆ ಎರಡೂ ಒಟ್ಟಿಗೆ ಹೂ ಬಿಡ್ತವೆ. ಕಾಯಿಕೊರಕ ಹೂವಿನ ಕಡೆ ಹೋಗಿ ಮೊಟ್ಟೆ ಇಡುತ್ತೆ.

ಬಲೆ ಬೆಳೆ ಅಲ್ಲದೆಯೂ ಬೆರಕೆ ಕೆಲಸ ಮಾಡುತ್ತೆ. ಇಂಗ್ಲೆಂಡಿನ ಸ್ಟಾನ್ ಫಿಂಚ್, ರೋಸ್ಮರಿ ಕಾಲಿಯರ್ 2000ರಲ್ಲಿ ಹೇಳಿದ್ದು ನನಗೆ ತುಂಬಾ ಇಷ್ಟ. ಕೋಸಿನ ಕೀಟ ಹಸಿರು ಕಂಡಲ್ಲಿ ಇಳಿಯುತ್ತೆ. ಮೊಟ್ಟೆ ಇಡೋ ಮುಂಚೆ ಕೆಲವು ಸಲ ಸರಿಯಾದ ಎಲೆಯ ಮೇಲೇ ಇಳಿದು ಖಾತ್ರಿ ಮಾಡ್ಕೊಬೇಕು. ಮಧ್ಯೆ ಬೇರೆ ಹಸಿರು ಸಿಕ್ಕರೆ ಲೆಕ್ಕ ತಪ್ಪಿ ಹಾರಿ ಹೋಗುತ್ತೆ. ಬಯಲುಸೀಮೆಯ ಅಜ್ಜಂದಿರು ರಾಗಿ ನಡುವೆ ಅವರೆ, ಹುಚ್ಚೆಳ್ಳು, ಸಾಸಿವೆಯ ಅಕ್ಕಡಿ ಸಾಲು ಹಾಕ್ತಿದ್ದರಲ್ಲ, ಅದರಲ್ಲೂ ಇಂಥ ಲಾಭ ಇದ್ದಿರಬೇಕು ಅಂತ ನನಗನ್ನಿಸುತ್ತೆ. ನಮ್ಮ ತೋಟದವರಿಗೂ ಇದು ಪೂರ್ತಿ ಹೊಸದಲ್ಲ: ನೆರಳು ಕಡಿದ ಕಡೆ ಅರೇಬಿಕಾಗೆ ಬಿಳಿ ಕಾಂಡಕೊರಕ ಜಾಸ್ತಿ ಬರುತ್ತೆ ಅಂತ ಗೊತ್ತೇ ಇದೆ.

ಕಷ್ಟ ಇರೋದು ಆಳಿನದ್ದು. ಎರಡು ಸಲ ಬಿತ್ತನೆ, ದಿನಾ ಕಣ್ಣಿಡೋದು, ಕೂಲಿ ಸಿಗದ ಊರಲ್ಲಿ ಯಾರು ಮಾಡೋದು? ಹತ್ತು ಸೆಂಟ್‌ನಿಂದ ಶುರು ಮಾಡಿ ಅನ್ನೋದು ನನ್ನ ಮಾತು. ಮನೆ ಹಿಂದೆ ನಾಲ್ಕೇ ಸಾಲು ಕೋಸಿದ್ದರೆ ಸುತ್ತ ಅಂಚಿಗೆ ಸಾಸಿವೆ ಚೆಲ್ಲಿ, ಹುಳವನ್ನು ಕೈಯಲ್ಲೇ ಆರಿಸಿ. ಔಷಧಿ ಹೊಡೆದಿದ್ದರೆ ಮಾತ್ರ ಆ ಸಾಸಿವೆ ಸೊಪ್ಪು ಸಾರಿಗೆ ಹಾಕಬೇಡಿ.